ಅತ್ತಿಗೆ ಪಂಚಾಯಿತಿ ಅಧ್ಯಕ್ಷೆ, ಡೋಂಗಲ್ ಮಾತ್ರ ಅಣ್ಣನ ಜೇಬಿನಲ್ಲಿ. ಏನು ಮಾಡುವುದು?

ಹೊಳೆಸಾಲು

ಎಲ್ಲರಿಗೂ ನಮಸ್ಕಾರ. ವಿಷಯ ಮನೆಯದು. ಆದರೂ ಇಲ್ಲಿ ಪಂಚಾಯಿತಿ ಒಳಹೊರಗು ಗೊತ್ತಿರುವವರು ಜಾಸ್ತಿ ಇದ್ದೀರಿ ಅಂತ ಕೇಳುತ್ತಿದ್ದೇನೆ.

ನಮ್ಮ ಅತ್ತಿಗೆ ಗ್ರಾಮ ಪಂಚಾಯಿತಿ ಅಧ್ಯಕ್ಷೆ. ನಮ್ಮ ವಾರ್ಡಿನ ಸೀಟು ಮಹಿಳೆಗೆ ಮೀಸಲಾಯಿತು, ಅಣ್ಣನಿಗೆ ನಿಲ್ಲಲು ಆಗಲಿಲ್ಲ, ಅತ್ತಿಗೆಯನ್ನು ನಿಲ್ಲಿಸಿದ. ಗೆದ್ದರು. ಆಮೇಲೆ ಅಧ್ಯಕ್ಷ ಸ್ಥಾನವೂ ಮಹಿಳೆಗೇ ಬಂತು. ಅತ್ತಿಗೆ ಪಿಯುಸಿ ಓದಿದ್ದಾರೆ. ಡೈರಿ ಲೆಕ್ಕ, ಸಂಘದ ಲೆಕ್ಕ ಎಲ್ಲ ಬಾಯಲ್ಲೇ ಇದೆ. ಆದರೆ ದಿನಾ ಆಫೀಸಿಗೆ ಹೋಗುವುದು ಅಣ್ಣ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಫೋನ್ ಮಾಡುವುದೂ ಅಣ್ಣನಿಗೇ. ಡಿಜಿಟಲ್ ಸಹಿಯ ಡೋಂಗಲ್ (ಕಂಪ್ಯೂಟರಿಗೆ ಚುಚ್ಚಿ ಸಹಿ ಒತ್ತುವ, ಪೆನ್‌ಡ್ರೈವ್‌ನಂಥದ್ದು) ಅಣ್ಣನ ಬೈಕ್ ಕೀ ಗೊಂಚಲಿಗೆ ಸೇರಿಕೊಂಡಿದೆ. ಪಾಸ್‌ವರ್ಡ್ ಆಪರೇಟರ್ ಹುಡುಗನಿಗೂ ಗೊತ್ತು. ಅತ್ತಿಗೆ ಸಭೆಯ ದಿನ ಹೋಗಿ ಕೂತು ಬರುತ್ತಾರೆ. ಸಂಜೆ ಸಭೆಯಲ್ಲಿ ಆದದ್ದನ್ನು ಬರೆಯುವ ನಡಾವಳಿ ಪುಸ್ತಕ ಮನೆಗೇ ಬರುತ್ತದೆ, ಅಡುಗೆಮನೆ ಕಟ್ಟೆ ಮೇಲಿಟ್ಟುಕೊಂಡು ಸಹಿ ಹಾಕುತ್ತಾರೆ.

ಹಬ್ಬಕ್ಕೆ ಊರಿಗೆ ಹೋದಾಗ ಅತ್ತಿಗೆಯೇ ಕೇಳಿದರು. "ಅಲ್ಲ ಕಣಪ್ಪ, ನಾಳೆ ಯಾರಾದ್ರೂ ಬಂದು ಇದಕ್ಕೆ ಯಾಕೆ ಸಹಿ ಹಾಕಿದ್ರಿ ಅಂದ್ರೆ ನಾನು ಏನ್ ಹೇಳ್ಲಿ?"

ಅಣ್ಣ ಕೆಟ್ಟವನಲ್ಲ. ದುಡ್ಡು ತಿಂದಿಲ್ಲ. ಊರಿನ ಕೆಲಸ ಓಡಾಡಿ ಮಾಡಿಸುತ್ತಾನೆ. ಅದಕ್ಕೇ ಮಾತು ತೆಗೆಯುವುದು ಕಷ್ಟ. ಮನೆಯಲ್ಲಿ ರಂಪ ಆಗದ ಹಾಗೆ ಅತ್ತಿಗೆ ಕೈಗೆ ಕೆಲಸ ಬರುವುದು ಹೇಗೆ?

ಒಂದ್ಮಾತು

ಡೋಂಗಲ್ ಇಸ್ಕೊಳ್ಳಿ. ಮುಗೀತು.

ರೊಟ್ಟಿಖಾರ

ಇದರಲ್ಲಿ ಸಮಸ್ಯೆ ಏನು ಅಂತಲೇ ತಿಳಿಯಲಿಲ್ಲ. ಅಣ್ಣ ದುಡ್ಡು ತಿಂದಿಲ್ಲ ಅಂತ ನೀವೇ ಹೇಳುತ್ತೀರಿ. ಊರಿನ ಕೆಲಸ ಆಗುತ್ತಿದೆ. ಅಧ್ಯಕ್ಷರಾದವರು ತಾಲ್ಲೂಕು ಆಫೀಸು, ಎಂಎಲ್‌ಎ ಮನೆ, ಎಂಜಿನಿಯರ್ ಬೆನ್ನು ಅಂತ ಅಲೆಯಬೇಕು. ನಮ್ಮ ಕಡೆ ನೀರಿನ ಪೈಪ್ ಒಡೆದರೆ ರಾತ್ರಿ 11ಕ್ಕೆ ಬಂದು ಬಾಗಿಲು ಬಡಿಯುತ್ತಾರೆ. ಗಂಡ ಹೆಂಡತಿ ಸೇರಿ ಮಾಡಿಕೊಂಡು ಹೋದರೆ ಯಾರಿಗೆ ಏನು ನಷ್ಟ?

ಮಾಜಿಸದಸ್ಯೆ

@ರೊಟ್ಟಿಖಾರ ಅಣ್ಣಾ, ಸೇರಿ ಮಾಡಿದರೆ ಯಾರದ್ದೂ ತಕರಾರಿಲ್ಲ. ಇಲ್ಲಿ ಸೇರಿ ಎಲ್ಲಿ ಮಾಡುತ್ತಿದ್ದಾರೆ? ಒಬ್ಬರು ಮಾಡುತ್ತಾರೆ, ಇನ್ನೊಬ್ಬರು ಸಹಿ ಹಾಕುತ್ತಾರೆ.

@ಹೊಳೆಸಾಲು, ಡೋಂಗಲ್‌ಗಿಂತ ಮೊದಲು ನಡಾವಳಿ ಪುಸ್ತಕ ಹಿಡಿಯಲಿ. ನಾನು ಒಂದು ಅವಧಿ ಸದಸ್ಯೆ ಆಗಿದ್ದೆ, ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ. ಸಭೆಯಲ್ಲಿ ಎಂಟು ವಿಷಯ ಚರ್ಚೆ ಆಗಿರುತ್ತದೆ. ಬರೆಯುವಾಗ ವಿಷಯ ವಿಷಯದ ನಡುವೆ ನಾಲ್ಕೈದು ಗೆರೆ ಖಾಲಿ ಬಿಡುತ್ತಾರೆ. ಕೊನೆಯ ಪುಟದಲ್ಲಿ ಅರ್ಧ ಖಾಲಿ. ಸಹಿ ಎಲ್ಲ ಆದ ಮೇಲೆ ಅಲ್ಲಿ ಒಂಬತ್ತನೆಯದು, ಹತ್ತನೆಯದು ಹುಟ್ಟಿಕೊಳ್ಳುತ್ತದೆ. ಮೋಟರ್ ರಿಪೇರಿ, ಬೀದಿದೀಪದ ಬಲ್ಬು, ಚರಂಡಿ ಹೂಳು. ಕೆಳಗೆ "ಸಭೆಯು ಸರ್ವಾನುಮತದಿಂದ ಒಪ್ಪಿತು". ನಾನು ಖಾಲಿ ಜಾಗಕ್ಕೆಲ್ಲ ಅಡ್ಡಗೆರೆ ಎಳೆದು ಆಮೇಲೆ ಸಹಿ ಹಾಕಲು ಶುರು ಮಾಡಿದೆ. "ಮೇಡಂ ಡ್ರಾಯಿಂಗ್ ಕ್ಲಾಸ್ ತಗೊಂಡಿದ್ದಾರೆ" ಅಂತ ಒಬ್ಬ ನಕ್ಕ. ನಗಲಿ ಬಿಡಿ, ಮುಂದಿನ ತಿಂಗಳಿಂದ ಗೆರೆ ಬಿಡುವುದು ನಿಂತಿತು.

ಪುಸ್ತಕ ಮನೆಗೆ ಬಂದರೆ ವಾಪಸ್ ಕಳಿಸಲಿ. ಸಭೆ ಮುಗಿದ ಕೂಡಲೇ ಎಲ್ಲರ ಎದುರು ಓದಿಸಿ, ಅಲ್ಲೇ ಸಹಿ. ಸಾಮಾನ್ಯ ಸಭೆಗೆ ಏಳು ದಿನ ಮೊದಲು ನೋಟಿಸ್ ಕೊಡಬೇಕು, ವಿಷಯ ಪಟ್ಟಿ ಇರಬೇಕು. ಅಧ್ಯಕ್ಷರು ಅತ್ತಿಗೆ ತಾನೇ? ಆ ಪಟ್ಟಿ ಮಾಡುವಾಗ ಅವರೇ ಇರಬೇಕು.

ಲಾಪಾಯಿಂಟ್

ಡೋಂಗಲ್ ವಿಷಯ ಇಷ್ಟು ಹಗುರ ಅಲ್ಲ. ಡಿಜಿಟಲ್ ಸಹಿಯ ಕೀಯನ್ನು ತನ್ನ ಹಿಡಿತದಲ್ಲೇ ಇಟ್ಟುಕೊಳ್ಳುವ ಹೊಣೆ ಯಾರ ಹೆಸರಿನಲ್ಲಿದೆಯೋ ಅವರದ್ದು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಸೆಕ್ಷನ್ 42 ಹೇಳುವುದೇ ಇದನ್ನು. ಬೇರೆಯವರ ಎಲೆಕ್ಟ್ರಾನಿಕ್ ಸಹಿಯನ್ನು ಮೋಸದಿಂದ ಬಳಸಿದರೆ 66ಸಿ ಪ್ರಕಾರ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಗಂಡನಿಗೆ ಒಪ್ಪಿ ಕೊಟ್ಟಿದ್ದರೆ 66ಸಿ ನಿಲ್ಲುತ್ತದೋ ಇಲ್ಲವೋ, ಅದು ಕೋರ್ಟಿನಲ್ಲಿ ವಾದ ಮಾಡುವ ವಿಷಯ.

ಅದಕ್ಕಿಂತ ದೊಡ್ಡ ತಲೆನೋವು ಆಡಿಟ್. ಪಾವತಿಗೆ ಅಧ್ಯಕ್ಷರ ಸಹಿ, ಪಿಡಿಒ ಸಹಿ ಎರಡೂ ಇರುತ್ತವೆ. ನಾಳೆ ಆಕ್ಷೇಪಣೆ ಬಂದು ವಸೂಲಿ ಅಂತಾದರೆ ನೋಟಿಸ್ ಬರುವುದು ಅತ್ತಿಗೆ ಹೆಸರಿಗೆ. "ನಮ್ಮ ಯಜಮಾನರು ಒತ್ತಿದ್ದು" ಅಂದರೆ ಯಾರೂ ಕೇಳುವುದಿಲ್ಲ. ಅಣ್ಣನ ಹತ್ತಿರ ಹಕ್ಕು, ಸಮಾನತೆ ಅಂತ ಶುರು ಮಾಡಬೇಡಿ. ಈ ಒಂದು ವಿಷಯ ಹೇಳಿ. ಹೆಂಡತಿ ಮೇಲೆ ಕೇಸು ಬೀಳುತ್ತದೆ ಅಂದರೆ ಎಂಥ ಗಂಡಸೂ ಕೂತು ಕೇಳುತ್ತಾನೆ.

ರೊಟ್ಟಿಖಾರ

@ಲಾಪಾಯಿಂಟ್ ಹೆದರಿಸುವುದು ಬಿಟ್ಟರೆ ವಕೀಲರಿಗೆ ಬೇರೆ ಕೆಲಸ ಇಲ್ಲ 😄

ನಿವೃತ್ತ ಕಾರ್ಯದರ್ಶಿ

ನಾನು ಪಂಚಾಯಿತಿ ಕಾರ್ಯದರ್ಶಿಯಾಗಿ ರಿಟೈರ್ ಆದವನು. ಈ ಚರ್ಚೆಯಲ್ಲಿ ಎಲ್ಲರೂ ಗಂಡನನ್ನೇ ಬೈಯುತ್ತೀರಿ. ಆಫೀಸಿನವರ ಪಾಲೂ ಇದೆ ಸ್ವಾಮಿ. ನೌಕರನಿಗೆ ಗಂಡನ ಜೊತೆ ವ್ಯವಹಾರ ಸಲೀಸು. ಟೀ ಅಂಗಡಿಯಲ್ಲಿ ಸಿಗುತ್ತಾನೆ, ಎರಡು ಮಾತಿನಲ್ಲಿ ಮುಗಿಯುತ್ತದೆ. ಅಧ್ಯಕ್ಷೆಗೆ ಫೋನ್ ಮಾಡಿದರೆ "ಇದು ಏನಕ್ಕೆ, ಅದು ಎಷ್ಟು" ಅಂತ ಕೇಳುತ್ತಾರೆ. ಕೇಳುವ ಅಧ್ಯಕ್ಷರು ಯಾರಿಗೆ ಬೇಕು ಹೇಳಿ! ಇನ್ನೊಂದು, ಆಫೀಸಿನ ದಾಖಲೆಯಲ್ಲಿ ಅಧ್ಯಕ್ಷೆಯ ಹೆಸರಿನ ಮುಂದೆ ಇರುವ ಮೊಬೈಲ್ ನಂಬರ್ ಬಹಳ ಕಡೆ ಗಂಡನದ್ದು. ಸಭೆಯ ಸೂಚನೆ, ತರಬೇತಿಯ ಮೆಸೇಜು, ಒಟಿಪಿ ಎಲ್ಲ ಅವನಿಗೇ. ಮೊದಲು ಆ ನಂಬರ್ ಬದಲಾಯಿಸಿ. ಅರ್ಧ ಕೆಲಸ ಅಲ್ಲೇ ಆಯಿತು.

ಹಳೇ ಕಥೆ ಒಂದಿಷ್ಟು. ಹೆಣ್ಣುಮಕ್ಕಳು ಪಂಚಾಯಿತಿಗೆ ಬಂದದ್ದು 1993ರಲ್ಲಿ ಅಂತ ಈಗಿನವರು ತಿಳಿದಿದ್ದಾರೆ. ನಮ್ಮಲ್ಲಿ 1983ರ ಕಾಯ್ದೆಯಲ್ಲೇ ಹೆಂಗಸರಿಗೆ ಶೇ. 25 ಮೀಸಲು ಇತ್ತು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ನಜೀರ್ ಸಾಬ್ ಮಂತ್ರಿ. 1987ರಲ್ಲಿ ಚುನಾವಣೆ ಆಯಿತು. ಆಗ ಮಂಡಲ ಪಂಚಾಯಿತಿ, ಅದಕ್ಕೆ ಪ್ರಧಾನರು. ಸಭೆಗೆ ಬಂದ ಹೆಂಗಸರು ಗೋಡೆ ಪಕ್ಕ ಒಂದು ಬೆಂಚಿನಲ್ಲಿ ಒತ್ತಿಕೊಂಡು ಕೂರುತ್ತಿದ್ದರು. ಆದರೆ ನೀರಿನ ವಿಷಯ ಬಂದರೆ ಮಾತ್ರ ಬಾಯಿ ಬಿಡುತ್ತಿದ್ದರು. ಯಾವ ಕೇರಿಯ ಬೋರ್‌ವೆಲ್ ಎಷ್ಟು ಹೊತ್ತಿಗೆ ನಿಲ್ಲುತ್ತದೆ, ಯಾವ ಹ್ಯಾಂಡ್ ಪಂಪಿನ ವಾಷರ್ ಹೋಗಿದೆ, ಅವರಿಗಿಂತ ಚೆನ್ನಾಗಿ ಯಾವ ಎಂಜಿನಿಯರಿಗೂ ಗೊತ್ತಿರಲಿಲ್ಲ.

ಕೆಂಪುಮಣ್ಣು

ನೀರ್ ಸಾಬ್ (ನಜೀರ್ ಸಾಬರನ್ನು ಜನ ಕರೆಯುತ್ತಿದ್ದದ್ದೇ ಹಾಗೆ) ಹೆಸರು ಕೇಳಿ ಖುಷಿ ಆಯಿತು ಸರ್. ನಮ್ಮ ಅಜ್ಜಿ ಇವತ್ತಿಗೂ ಹ್ಯಾಂಡ್ ಪಂಪ್ ನೋಡಿದರೆ ಅವರನ್ನೇ ನೆನೆಯುತ್ತಾರೆ.

ಸಿಲ್ಕ್‌ಬೋರ್ಡ್ ಸಂತ್ರಸ್ತ

ಎಲ್ಲರೂ ಬೈದರೂ ಪರವಾಗಿಲ್ಲ, ಹೇಳಿಬಿಡುತ್ತೇನೆ. ಮೀಸಲಾತಿ ಕೊಟ್ಟು ಗೆಲ್ಲಿಸಿದರೆ ಹೀಗೇ ಆಗುವುದು. ಕೆಲಸ ಗೊತ್ತಿಲ್ಲದವರನ್ನು ಕುರ್ಚಿ ಮೇಲೆ ಕೂರಿಸಿ, ಆಮೇಲೆ ಗಂಡ ಬರಬಾರದು ಅಂದರೆ ಹೇಗೆ? ಕನಿಷ್ಠ ಎಸ್‌ಎಸ್‌ಎಲ್‌ಸಿ ಪಾಸಾಗಿರಬೇಕು ಅಂತ ಕಾನೂನು ಮಾಡಲಿ. ಎಲ್ಲ ತನ್ನಷ್ಟಕ್ಕೆ ಸರಿ ಹೋಗುತ್ತದೆ.

ಅಂಕಿಸಂಖ್ಯೆ

@ಸಿಲ್ಕ್‌ಬೋರ್ಡ್ ಸಂತ್ರಸ್ತ ಈ ಪ್ರಯೋಗ ಆಗಿದೆ. ಹರಿಯಾಣ 2015ರಲ್ಲಿ ಓದಿನ ಷರತ್ತು ತಂದಿತು. ಗಂಡಸರಿಗೆ ಹತ್ತನೇ ಕ್ಲಾಸು, ಹೆಂಗಸರಿಗೆ ಎಂಟು, ದಲಿತ ಹೆಂಗಸು ಪಂಚ್ (ಅಂದರೆ ಸದಸ್ಯೆ) ಸ್ಥಾನಕ್ಕೆ ನಿಂತರೆ ಐದು. ಸುಪ್ರೀಂ ಕೋರ್ಟು ಅದೇ ವರ್ಷ ರಾಜಬಾಲಾ ಪ್ರಕರಣದಲ್ಲಿ ಒಪ್ಪಿಗೆಯನ್ನೂ ಕೊಟ್ಟಿತು. ಪರಿಣಾಮ ಏನು? ಓದಲು ಕಳಿಸದೇ ಇದ್ದವರನ್ನು ಈಗ ನಿಲ್ಲಲೂ ಬಿಡಲಿಲ್ಲ. ರಾಜಸ್ಥಾನವೂ ಇಂಥದ್ದೇ ನಿಯಮ ಮಾಡಿತ್ತು, 2019ರಲ್ಲಿ ತೆಗೆದುಹಾಕಿತು. ಅಂದಹಾಗೆ ಹೊಳೆಸಾಲು ಅವರ ಅತ್ತಿಗೆ ಪಿಯುಸಿ. ನಿಮ್ಮ ಷರತ್ತು ದಾಟಿಯೂ ಡೋಂಗಲ್ ಅಣ್ಣನ ಕೈಯಲ್ಲೇ ಇದೆ. ಸಮಸ್ಯೆ ಓದಿನದ್ದಲ್ಲ.

ಮೀಸಲಾತಿಯಿಂದ ಏನೂ ಆಗಿಲ್ಲ ಅನ್ನುವವರಿಗೆ ಇನ್ನೊಂದು. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯಲ್ಲಿ ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ಲೆಕ್ಕ ಹಾಕಿದ್ದಾರೆ. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೋ 2004ರಲ್ಲಿ ಪ್ರಕಟಿಸಿದ್ದು ಪ್ರಸಿದ್ಧ. ಪ್ರಧಾನ ಸ್ಥಾನ ಹೆಂಗಸರಿಗೆ ಮೀಸಲಾದ ಪಂಚಾಯಿತಿಗಳಲ್ಲಿ ಕುಡಿಯುವ ನೀರಿನ ಕೆಲಸ ಜಾಸ್ತಿ ಆಗಿತ್ತು. 2012ರಲ್ಲಿ ಇನ್ನೊಂದು ಬಂತು. ಹೆಂಗಸರು ಎರಡು ಅವಧಿ ಮುಖ್ಯಸ್ಥರಾಗಿದ್ದ ಹಳ್ಳಿಗಳಲ್ಲಿ ಅಪ್ಪ ಅಮ್ಮಂದಿರು ಹೆಣ್ಣುಮಕ್ಕಳ ಬಗ್ಗೆ ಇಟ್ಟುಕೊಂಡ ಆಸೆ ಹೆಚ್ಚಾಗಿತ್ತು, ಹುಡುಗಿಯರು ಓದುವುದೂ ಹೆಚ್ಚಾಗಿತ್ತು. ಎರಡು ಅವಧಿ ಅನ್ನುವುದನ್ನು ಗಮನಿಸಿ. ಒಂದೇ ಸಲಕ್ಕೆ ಪವಾಡ ಆಗುವುದಿಲ್ಲ.

ಸಿಲ್ಕ್‌ಬೋರ್ಡ್ ಸಂತ್ರಸ್ತ

ಬಂಗಾಳದ ಲೆಕ್ಕ ನಮಗೆ ಯಾಕೆ ಸರ್?

ಅಂಕಿಸಂಖ್ಯೆ

ಸರಿ, ನಮ್ಮದೇ ಲೆಕ್ಕ ತೆಗೆದುಕೊಳ್ಳಿ. ಪಂಚಾಯಿತಿಯಲ್ಲಿ ಅರ್ಧ ಮೀಸಲು, ಅರ್ಧ ಹೆಂಗಸರು ಇದ್ದಾರೆ. ವಿಧಾನಸಭೆಯಲ್ಲಿ ಮೀಸಲು ಜಾರಿಗೆ ಬಂದಿಲ್ಲ. 2023ರಲ್ಲಿ 224ರಲ್ಲಿ ಗೆದ್ದ ಹೆಂಗಸರು 10. ಅರ್ಹತೆ ಒಂದರಿಂದಲೇ ಬರುವುದಾಗಿದ್ದರೆ ಇಷ್ಟು ಹೊತ್ತಿಗೆ ಬರಬೇಕಿತ್ತಲ್ವಾ?

ಗುಂಡ್ಲುಪೇಟೆ ಗಾಳಿ

ನಮ್ಮ ಕೆ.ಎಸ್. ನಾಗರತ್ನಮ್ಮ 1972ರಲ್ಲೇ ವಿಧಾನಸಭೆ ಸ್ಪೀಕರ್ ಆಗಿದ್ದರು. ಆಮೇಲೆ ವಿರೋಧ ಪಕ್ಷದ ನಾಯಕಿ. ಅವರು ಎದ್ದು ನಿಂತರೆ ಸದನವೇ ಸುಮ್ಮನಾಗುತ್ತಿತ್ತು ಅಂತ ನಮ್ಮ ತಾತ ಹೇಳುತ್ತಿದ್ದರು. ಹೆಂಗಸರಿಗೆ ರಾಜಕೀಯ ಬರುವುದಿಲ್ಲ ಅನ್ನುವವರು ನಮ್ಮೂರಿಗೆ ಬನ್ನಿ.

ಒಂದ್ಮಾತು

ಅಂಥವರು ಜಿಲ್ಲೆಗೊಬ್ಬರು ಇದ್ದರೆ ಈ ಚರ್ಚೆಯೇ ಬೇಕಿರಲಿಲ್ಲ.

ಕಾಫಿತೋಟ

ಗಂಡನ ಮಾತೇ ಆಗುತ್ತಿದೆ. ನಮ್ಮ ಕಡೆ ಗಂಡ ಅಲ್ಲ, ಸಾಹುಕಾರ. ಅಧ್ಯಕ್ಷ ಸ್ಥಾನ ಪರಿಶಿಷ್ಟ ಜಾತಿ ಮಹಿಳೆಗೆ ಬಂತು ಅನ್ನಿ. ತೋಟದ ಲೈನ್‌ಮನೆಯಲ್ಲಿರುವ ಒಬ್ಬ ಹೆಂಗಸನ್ನು ನಿಲ್ಲಿಸುತ್ತಾರೆ, ಅವಿರೋಧ ಆಯ್ಕೆ ಮಾಡಿಸುತ್ತಾರೆ. ಬೆಳಗ್ಗೆ ಕಾಫಿ ಕೊಯ್ಲಿಗೆ ಹೋಗುವವಳು, ಮಧ್ಯಾಹ್ನ ಸಭೆಗೆ ಬರಬೇಕು. ಸಭೆಗೆ ಬಂದರೆ ಕೂಲಿ ಹೋಯಿತು. ಸಾಹುಕಾರ ಉಪಾಧ್ಯಕ್ಷ. ಅವಳು ಅಧ್ಯಕ್ಷರ ಕುರ್ಚಿಯಲ್ಲಿ ಕೂತದ್ದನ್ನು ನಾನು ಒಂದು ಸಲವೂ ನೋಡಲಿಲ್ಲ. ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಳ್ಳುತ್ತಿದ್ದಳು. ಯಾರೂ "ಅಲ್ಲಿ ಕೂರಬೇಡ" ಅಂತ ಹೇಳಿರಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ.

ಅವಳು ಒಂದೇ ಒಂದು ಸಲ ತಿರುಗಿ ನಿಂತಳು. ಪರಿಶಿಷ್ಟರಿಗೆ ಅಂತ ಮೀಸಲಿಡಬೇಕಾದ ಶೇ. 25ರ ದುಡ್ಡಿನಲ್ಲಿ ಬೇರೆ ರಸ್ತೆ ಮಾಡಲು ಹೊರಟಾಗ ಸಹಿ ಹಾಕಲಿಲ್ಲ. ಅವಿಶ್ವಾಸ ತರುತ್ತೇವೆ ಅಂದರು. ಆಮೇಲೆ ಏನಾಯಿತು ಅಂತ ಕೇಳಬೇಡಿ, ಅವಳ ಗಂಡನಿಗೆ ಆ ತೋಟದಲ್ಲಿ ಕೆಲಸ ಇರಲಿಲ್ಲ.

ಲಾಪಾಯಿಂಟ್

ಅವಿಶ್ವಾಸ ಅಂದ ತಕ್ಷಣ ಹೆದರುವುದು ಬೇಡ. ಒಟ್ಟು ಸದಸ್ಯರ ಮೂರನೇ ಎರಡು ಭಾಗ ಬೇಕು, ಬಂದವರದ್ದಲ್ಲ, ಒಟ್ಟು ಸದಸ್ಯರದ್ದು. ಅಧಿಕಾರ ವಹಿಸಿಕೊಂಡ ಮೊದಲ ಕೆಲವು ತಿಂಗಳು ತರುವಂತೆಯೇ ಇಲ್ಲ. ನಮ್ಮಲ್ಲಿ ಸದಸ್ಯರಲ್ಲಿ ಅರ್ಧ ಹೆಂಗಸರೇ ಇರುವಾಗ, ಅವರು ಒಗ್ಗಟ್ಟಾಗಿ ಕೂತರೆ ಯಾರ ಅವಿಶ್ವಾಸವೂ ಗೆಲ್ಲುವುದಿಲ್ಲ. ಲೆಕ್ಕ ಅಷ್ಟು ಸರಳ.

ಕಾಫಿತೋಟ

@ಲಾಪಾಯಿಂಟ್ ಕಾಗದದ ಮೇಲೆ ಸರಳ. ಆ ಅರ್ಧ ಹೆಂಗಸರಲ್ಲಿ ಸಾಹುಕಾರರ ಸೊಸೆಯೂ ಇದ್ದಳು.

ಸಂಘದಕ್ಕ

ನಾನು ಸಂಜೀವಿನಿ ಅನ್ನುವ ಸ್ವಸಹಾಯ ಸಂಘಗಳ ಒಕ್ಕೂಟದಲ್ಲಿ ಎಂಬಿಕೆ, ಅಂದರೆ ಲೆಕ್ಕ ಬರೆಯುವವಳು. ನಿಮ್ಮೆಲ್ಲರ ಕಾನೂನು ಓದಿದೆ, ಚೆನ್ನಾಗಿದೆ. ಆದರೆ ಒಬ್ಬಳೇ ಹೆಂಗಸು ಕಾಯ್ದೆ ಪುಸ್ತಕ ಹಿಡಿದುಕೊಂಡು ಹೋದರೆ ನಗುತ್ತಾರೆ ಅಷ್ಟೇ. ಅವಳ ಹಿಂದೆ ಹತ್ತು ಜನ ಬೇಕು.

ನಮ್ಮಲ್ಲಿ ಆದದ್ದು ಹೇಳುತ್ತೇನೆ. ಅಧ್ಯಕ್ಷೆ ನಮ್ಮ ಸಂಘದವರೇ. ಗಂಡ ಆಫೀಸಿನಲ್ಲಿ ಅವರ ಕುರ್ಚಿ ಮೇಲೇ ಕೂರುತ್ತಿದ್ದ. ನಾವು ಜಗಳ ಮಾಡಲಿಲ್ಲ. ಸಂಘದ ಹೆಂಗಸರು ಕೆಲಸಕ್ಕೆ ಅಂತ ಹೋದಾಗಲೆಲ್ಲ "ಅಧ್ಯಕ್ಷರು ಎಲ್ಲಿ?" ಅಂತ ಕೇಳುವುದು. "ನನಗೇ ಹೇಳಿ" ಅಂತ ಅವನು. "ಇಲ್ಲಣ್ಣ, ಅವರು ಬರಲಿ, ಕಾಯುತ್ತೇವೆ" ಅಂತ ಅಲ್ಲೇ ನೆಲದ ಮೇಲೆ ಕೂರುವುದು. ಬರುವವರೆಲ್ಲ ಇದನ್ನೇ ಮಾಡಿದರು. ಜಾಬ್ ಕಾರ್ಡಿನವರು, ಖಾತೆಗೆ ಬಂದವರು, ಮನೆ ಬಿಲ್ಲಿನವರು. ಅವನಿಗೇ ಬೇಸರ ಬಂದು ಹೆಂಡತಿಯನ್ನು ಬೈಕಿನಲ್ಲಿ ತಂದು ಬಿಟ್ಟು ಹೋಗಲು ಶುರು ಮಾಡಿದ.

ಆಮೇಲೆ ಮಹಿಳಾ ಗ್ರಾಮ ಸಭೆ. ಕಾಗದದಲ್ಲಿ ಆಗಿದೆ ಅಂತ ಬರೆದು ಅಂಗನವಾಡಿ ಟೀಚರ್ ಹತ್ತಿರ ನಾಲ್ಕು ಸಹಿ ತಗೊಳ್ಳುವ ಪದ್ಧತಿ ಇತ್ತು. ನಾವು ಡಂಗುರ ಸಾರಿಸಿ ನಿಜವಾಗಿ ಮಾಡಿಸಿದೆವು. ಮೊದಲ ಸಲ ಬಂದ ವಿಷಯ ಏನು ಗೊತ್ತಾ? ಕಿರಾಣಿ ಅಂಗಡಿಯಲ್ಲಿ ಮಾರುವ ಪ್ಯಾಕೆಟ್ ಹೆಂಡ. 2007ರಲ್ಲಿ ಸಾರಾಯಿ ನಿಂತಿತು, ಅಂಗಡಿ ಮೂಲೆಯಲ್ಲಿ ಕದ್ದು ಮಾರುವುದು ನಿಲ್ಲಲಿಲ್ಲ. ಠರಾವು ಮಾಡಿ ಅಬಕಾರಿಯವರಿಗೂ ಪೊಲೀಸರಿಗೂ ಕಳಿಸಿದೆವು. ಅಧ್ಯಕ್ಷೆ ಸಹಿ ಹಾಕುವಾಗ ಕೈ ನಡುಗುತ್ತಿತ್ತು, ಅಂಗಡಿ ಅವರ ಭಾವನದ್ದು. ಆದರೂ ಹಾಕಿದರು.

ರೊಟ್ಟಿಖಾರ

ಸಂಘದಕ್ಕ, ನಿಮ್ಮ ಐಡಿಯಾ ಮಾತ್ರ ಭಾರಿ ಅದ. ನೆಲದ ಮೇಲೆ ಕೂರುವುದು 😂 ಆದರೂ ನನ್ನ ಪ್ರಶ್ನೆ ಹಾಗೇ ಇದೆ. ರಾತ್ರಿ ಪೈಪ್ ಒಡೆದರೆ ಯಾರು ಹೋಗಬೇಕು?

ಸಂಘದಕ್ಕ

ವಾಟರ್‌ಮನ್ ಹೋಗಬೇಕು ಅಣ್ಣ. ಅದಕ್ಕೇ ಅವನಿಗೆ ಸಂಬಳ. ಅಧ್ಯಕ್ಷರು ಸ್ಪ್ಯಾನರ್ ಹಿಡಿಯಬೇಕು ಅಂತ ಯಾವ ಕಾಯ್ದೆಯಲ್ಲಿದೆ?

ಮಾಜಿಸದಸ್ಯೆ

👏👏

ಇದಕ್ಕೊಂದು ಸೇರಿಸುತ್ತೇನೆ. ಹೆಂಗಸು ಗಂಡನನ್ನು ಕೇಳಿದರೆ ಡಮ್ಮಿ. ಗಂಡಸು ಸದಸ್ಯ ಎಂಎಲ್‌ಎ ಹೇಳಿದ್ದಕ್ಕೆಲ್ಲ ಕೈ ಎತ್ತಿದರೆ ಅದು ಪಕ್ಷನಿಷ್ಠೆ. ಗುತ್ತಿಗೆದಾರ ಬರೆದು ಕೊಟ್ಟ ಕ್ರಿಯಾ ಯೋಜನೆಗೆ (ವರ್ಷದ ಕೆಲಸಗಳ ಪಟ್ಟಿಗೆ) ಹಾಗೇ ಸಹಿ ಹಾಕಿದ ಗಂಡಸು ಅಧ್ಯಕ್ಷರನ್ನು ನಾನು ನೋಡಿದ್ದೇನೆ. ಅವರನ್ನು ಯಾರಾದರೂ ಡಮ್ಮಿ ಅಂದರಾ? 2020ರ ಚುನಾವಣೆಯಲ್ಲಿ ಕೆಲವು ಹಳ್ಳಿಗಳಲ್ಲಿ ಸೀಟುಗಳನ್ನೇ ಹರಾಜು ಹಾಕಿದ್ದು ಪೇಪರಿನಲ್ಲಿ ಬಂತು. ಆ ಹರಾಜು ಕೂಗಿದವರೆಲ್ಲ ಹೆಂಗಸರಾ?

ದೋಹಾ ಕನ್ನಡಿಗ

ಸ್ವಲ್ಪ ಬೇರೆ ವಿಷಯ, ಕ್ಷಮಿಸಿ. ನನ್ನ ತಂಗಿ ಕಲಬುರಗಿ ಜಿಲ್ಲೆಯಲ್ಲಿ ಪಂಚಾಯಿತಿ ಸದಸ್ಯೆ. ಅವಳ ಸಮಸ್ಯೆ ಇದ್ಯಾವುದೂ ಅಲ್ಲ, ಪಂಚಾಯಿತಿ ಆಫೀಸಿನಲ್ಲಿ ಶೌಚಾಲಯಕ್ಕೆ ಯಾವಾಗಲೂ ಬೀಗ. ಸಭೆ ಹನ್ನೊಂದಕ್ಕೆ ಅಂತ ಕರೆದು ಎರಡಕ್ಕೆ ಶುರು ಮಾಡುತ್ತಾರೆ. ಬೆಳಗ್ಗೆಯಿಂದ ನೀರು ಕುಡಿಯದೆ ಹೋಗುತ್ತಾಳೆ. ಊರಿಗೆಲ್ಲ ಶೌಚಾಲಯ ಕಟ್ಟಿಸಿಕೊಡುವ ಆಫೀಸು ಅದು!

ಮಾಜಿಸದಸ್ಯೆ

ಬೇರೆ ವಿಷಯ ಅಲ್ಲ ಅಣ್ಣ, ಇದೇ ವಿಷಯ. ನಾವು ಮೊದಲು ಕೇಳಿ ಇಸಿದುಕೊಂಡದ್ದು ಆ ಬೀಗದ ಕೀ.

ಕೆಂಪುಮಣ್ಣು

ಸಭೆಯ ಹೊತ್ತು ಕೂಡ ದೊಡ್ಡ ವಿಷಯ. ನಮ್ಮೂರಿನಲ್ಲಿ ಸಂಜೆ ಐದಕ್ಕೆ ಇಡುತ್ತಿದ್ದರು. ಹಾಲು ಕರೆಯುವ ಹೊತ್ತು. ಹೆಂಗಸರು ಸದಸ್ಯರು ಅರ್ಧಕ್ಕೇ ಎದ್ದು ಹೋಗುತ್ತಿದ್ದರು. ದುಡ್ಡಿನ ವಿಷಯ ಯಾವಾಗಲೂ ಅವರು ಹೋದ ಮೇಲೆ ಬರುತ್ತಿತ್ತು. ಆಕಸ್ಮಿಕ ಅಂತ ನಾನು ನಂಬುವುದಿಲ್ಲ.

ಒಂದು ಒಳ್ಳೆಯದು, ಶಕ್ತಿ ಯೋಜನೆ ಬಂದ ಮೇಲೆ ತಾಲ್ಲೂಕು ಸಭೆಗೆ ಹೋಗಲು ಯಾರ ಬೈಕನ್ನೂ ಕಾಯಬೇಕಿಲ್ಲ. ಸರ್ಕಾರಿ ಬಸ್ ಹತ್ತಿದರಾಯಿತು.

ಸಿಲ್ಕ್‌ಬೋರ್ಡ್ ಸಂತ್ರಸ್ತ

ಬಂತು ನೋಡಿ ಫ್ರೀ ಬಸ್ಸು. ನಮ್ಮ ತೆರಿಗೆ ದುಡ್ಡು.

ಒಂದ್ಮಾತು

ಶಕ್ತಿ ಯೋಜನೆ ಜಗಳಕ್ಕೆ ಬೇರೆ ಚರ್ಚೆ ಶುರು ಮಾಡಿ, ಇದನ್ನು ಹಾಳು ಮಾಡಬೇಡಿ.

ಕೆಂಪುಮಣ್ಣು

@ಸಿಲ್ಕ್‌ಬೋರ್ಡ್ ಸಂತ್ರಸ್ತ ಸದಸ್ಯರ ಗೌರವಧನ ತಿಂಗಳಿಗೆ 2 ಸಾವಿರ ರೂಪಾಯಿ. ಅದರಲ್ಲಿ ಬಸ್ ಚಾರ್ಜೂ ಕೊಟ್ಟುಕೊಂಡು, ಕೂಲಿಯನ್ನೂ ಬಿಟ್ಟು ನಿಮ್ಮ ತೆರಿಗೆ ಉಳಿಸಬೇಕಾ?

ಹೊಳೆಸಾಲು

ಇಷ್ಟೊಂದು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ನಿವೃತ್ತ ಕಾರ್ಯದರ್ಶಿ ಸರ್, ನೀವು ಹೇಳಿದ ಮೇಲೆ ವಿಚಾರಿಸಿದೆ. ದಾಖಲೆಯಲ್ಲಿ ಇರುವುದು ಅಣ್ಣನ ನಂಬರೇ. ಮೈಸೂರಿನಲ್ಲಿ ನಜೀರ್ ಸಾಬ್ ಹೆಸರಿನ ಸಂಸ್ಥೆ ಇದೆಯಲ್ಲ, ಅಲ್ಲಿನ ತರಬೇತಿಯ ಸುದ್ದಿ ಅತ್ತಿಗೆಗೆ ತಲುಪಿಯೇ ಇಲ್ಲ. "ಮೂರು ದಿನ ಅಲ್ಲೇ ಉಳಿಯಬೇಕಂತೆ, ಮಕ್ಕಳ ಪರೀಕ್ಷೆ ಇತ್ತು, ಅದಕ್ಕೇ ಹೇಳಲಿಲ್ಲ" ಅಂತ ಅಣ್ಣ.

ಲಾಪಾಯಿಂಟ್ ಹೇಳಿದ ವಸೂಲಿ ವಿಷಯ ಫೋನಿನಲ್ಲಿ ತೆಗೆದೆ. ಅಣ್ಣ ಸಿಟ್ಟಾಗಲಿಲ್ಲ. "ಅವಳಿಗೇ ಗೊತ್ತಾಗಲ್ಲ, ಯಾರಾದ್ರೂ ಮೋಸ ಮಾಡ್ತಾರೆ" ಅಂದ. ಅದಕ್ಕೆ ಏನು ಹೇಳಬೇಕೋ ತೋಚಲಿಲ್ಲ.

ನಿವೃತ್ತ ಕಾರ್ಯದರ್ಶಿ

ಅಣ್ಣನಿಗೆ ಹೇಳಿ, ಅವನಿಗೂ ಮೊದಲ ದಿನ ಏನೂ ಗೊತ್ತಿರಲಿಲ್ಲ. 15ನೇ ಹಣಕಾಸು ಆಯೋಗದ (2021-26) ದುಡ್ಡಿನಲ್ಲಿ ಶೇ. 60 ನೀರು ಮತ್ತು ನೈರ್ಮಲ್ಯಕ್ಕೇ ಖರ್ಚು ಮಾಡಬೇಕು ಅನ್ನುವುದು ಅವನಿಗೆ ಹುಟ್ಟುವಾಗಲೇ ಗೊತ್ತಿತ್ತಾ? ಆಫೀಸಿಗೆ ಬಂದು ಬಂದು ಕಲಿತ. ನನ್ನ ಸರ್ವೀಸಿನಲ್ಲಿ ಸಹಿ ಮಾತ್ರ ಬರುತ್ತಿದ್ದ ಒಬ್ಬ ಅಧ್ಯಕ್ಷೆ ಇದ್ದರು. ಪ್ರತಿ ಬಿಲ್ಲನ್ನೂ ಓದಿ ಹೇಳು ಅನ್ನುತ್ತಿದ್ದರು. ಸಿಮೆಂಟ್ ಎಷ್ಟು ಚೀಲ ಅಂತ ಕೇಳಿ, ಸಂಜೆ ಹೋಗಿ ಖಾಲಿ ಚೀಲ ಎಣಿಸಿಕೊಂಡು ಬರುತ್ತಿದ್ದರು. ಗುತ್ತಿಗೆದಾರರಿಗೆ ಎಂಜಿನಿಯರಿಗಿಂತ ಆಯಮ್ಮನ ಭಯ ಜಾಸ್ತಿ.

ಕರಾವಳಿ ಮಳೆ

ಮಾರಾಯ್ರೆ, ಎಲ್ಲ ಸರಿ, ಆದರೆ ಬುಡದಲ್ಲೇ ಒಂದು ತಾಪತ್ರಯ ಉಂಟು. ಅಧ್ಯಕ್ಷರ ಅವಧಿ 30 ತಿಂಗಳು. ಕಲಿಯಲು ಒಂದು ವರ್ಷ, ಕಲಿತದ್ದು ಕೆಲಸಕ್ಕೆ ಬರುವ ಹೊತ್ತಿಗೆ ಮುಗಿಯಿತು. ಮುಂದಿನ ಚುನಾವಣೆಗೆ ಸೀಟು ಸಾಮಾನ್ಯ ಆಗುತ್ತದೆ. ಹೆಂಗಸು ಸಾಮಾನ್ಯ ಸೀಟಿನಲ್ಲೂ ನಿಲ್ಲಬಹುದು, ತಡೆ ಇಲ್ಲ. ಆದರೆ "ನಿಮ್ಮದು ಆಯಿತಲ್ಲ, ಈಗ ಗಂಡಸರಿಗೆ ಬಿಡಿ" ಅಂತಾರೆ. 2015ರಲ್ಲಿ 5 ವರ್ಷ ಮಾಡಿದ್ದರು, 2020ರಲ್ಲಿ ಮತ್ತೆ ಇಳಿಸಿದರು. ಯಾಕೆ? ಎರಡು ಜನಕ್ಕೆ ಕುರ್ಚಿ ಹಂಚಬಹುದು, ಅಷ್ಟೆ.

ಮೇಲಿನ ಮೆಟ್ಟಿಲೂ ಇಲ್ಲ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗೆ 2016ರಲ್ಲಿ ಚುನಾವಣೆ ಆದದ್ದು. 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಅಧಿಕಾರಿಗಳದ್ದೇ ಆಡಳಿತ. ಗ್ರಾಮ ಪಂಚಾಯಿತಿಯಲ್ಲಿ ಪಳಗಿದ ಹೆಂಗಸು ಎಲ್ಲಿಗೆ ಹೋಗಬೇಕು? ಕ್ಷೇತ್ರ ವಿಂಗಡಣೆ, ಮೀಸಲು ಪಟ್ಟಿ, ಕೋರ್ಟು ಅಂತ ನೆಪ ಹೇಳುವವರಿಗೆ ಇದು ತಲೆಗೇ ಹೋಗುವುದಿಲ್ಲ.

ಅಂಕಿಸಂಖ್ಯೆ

ಮೆಟ್ಟಿಲಿನ ಮಾತು ನೂರಕ್ಕೆ ನೂರು. ಕೇರಳದಲ್ಲಿ ಕುಟುಂಬಶ್ರೀ ಅನ್ನುವ ಮಹಿಳಾ ಸ್ವಸಹಾಯ ಸಂಘದಿಂದ ಪಂಚಾಯಿತಿಗೆ, ಅಲ್ಲಿಂದ ಮೇಲಕ್ಕೆ ಅಂತ ಒಂದು ದಾರಿ ಇದೆ. ಚುನಾವಣೆಯೂ ಹೊತ್ತಿಗೆ ಸರಿಯಾಗಿ ಆಗುತ್ತದೆ. ನಮ್ಮಲ್ಲಿ ಸಂಘ ಇದೆ, ಪಂಚಾಯಿತಿ ಇದೆ, ನಡುವಿನ ದಾರಿ ಮಾತ್ರ ಇಲ್ಲ. ಗೆದ್ದ ಹೆಂಗಸರದ್ದೇ ಸುಗ್ರಾಮ ಅಂತ ಒಂದು ಒಕ್ಕೂಟ ಇದೆ, @ಹೊಳೆಸಾಲು ನಿಮ್ಮ ಜಿಲ್ಲೆಯಲ್ಲಿ ಇದೆಯಾ ವಿಚಾರಿಸಿ. ಅನುಭವ ಇರುವ ಇನ್ನೊಬ್ಬ ಅಧ್ಯಕ್ಷೆಯ ಫೋನ್ ನಂಬರ್ ಸಿಕ್ಕರೆ ಅತ್ತಿಗೆಗೆ ನಮ್ಮೆಲ್ಲರ ಭಾಷಣಕ್ಕಿಂತ ಉಪಯೋಗ.

ಗುಂಡ್ಲುಪೇಟೆ ಗಾಳಿ

ಗಂಡಂದಿರು ಆಫೀಸಿಗೆ ಬರಬಾರದು ಅಂತ ಸರ್ಕಾರದ ಆದೇಶ ಇದೆಯಲ್ಲ? ಅದನ್ನು ಗೋಡೆಗೆ ಅಂಟಿಸಿದರೆ ಸಾಕು.

ಲಾಪಾಯಿಂಟ್

ಅಂಟಿಸಿದ್ದಾರೆ ಬಹಳ ಕಡೆ. ಅದರ ಕೆಳಗೇ ಗಂಡ ಕೂತಿರುತ್ತಾನೆ. ಈ ಕಾಟ ದೇಶಕ್ಕೆಲ್ಲ ಇದೆ. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯ ಮೇಲೆ ಕೇಂದ್ರ ಪಂಚಾಯತಿ ರಾಜ್ ಇಲಾಖೆ 2023ರಲ್ಲಿ ಸಮಿತಿ ಮಾಡಿತು, 2025ರಲ್ಲಿ ವರದಿ ಬಂತು. ಹೆಂಡತಿ ಹೆಸರಿನಲ್ಲಿ ಅಧಿಕಾರ ನಡೆಸುವವರಿಗೆ ಕಠಿಣ ದಂಡ ಬೇಕು ಅಂತ ಶಿಫಾರಸು. ನನ್ನ ಅನುಮಾನ ಒಂದೇ. ದಂಡ ಯಾರಿಗೆ ಬೀಳುತ್ತದೆ? ಸದಸ್ಯತ್ವ ರದ್ದು ಅಂತಾದರೆ ಹೋಗುವುದು ಹೆಂಡತಿಯ ಸ್ಥಾನ. ಗಂಡ ಟೀ ಅಂಗಡಿಗೆ ವಾಪಸ್.

ಸಂಘದಕ್ಕ

ಅದಕ್ಕೇ ಗಂಡನ ಜೊತೆ ವ್ಯವಹಾರ ಮಾಡುವ ನೌಕರನಿಗೆ ದಂಡ ಹಾಕಬೇಕು. ಮಾರನೇ ದಿನವೇ ಅಧ್ಯಕ್ಷೆಗೆ ಫೋನ್ ಬರುತ್ತದೆ.

ನಿವೃತ್ತ ಕಾರ್ಯದರ್ಶಿ

@ಸಂಘದಕ್ಕ ಪಿಂಚಣಿ ಬರುತ್ತಿರುವುದರಿಂದ ಧೈರ್ಯವಾಗಿ ಒಪ್ಪುತ್ತೇನೆ.

ರೊಟ್ಟಿಖಾರ

ಎಲ್ಲ ಓದಿದೆ. ನಾನು ಈಗಲೂ ಹೇಳುವುದು, ಗಂಡನನ್ನು ಪೂರಾ ಹೊರಗೆ ಹಾಕಿದರೆ ಹಳ್ಳಿಯಲ್ಲಿ ನಡೆಯುವುದಿಲ್ಲ. ಹೊರಗಿನ ಓಡಾಟ ಅಣ್ಣ ಮಾಡಲಿ. ಡೋಂಗಲ್, ಪುಸ್ತಕ, ಸಭೆ ಇವು ಮೂರೂ ಅತ್ತಿಗೆ ಕೈಯಲ್ಲಿ ಇರಲಿ. ಅಣ್ಣನಿಗೂ ಮರ್ಯಾದೆ ಉಳಿಯುತ್ತದೆ, ಕೇಸಿನ ಭಯವೂ ಇಲ್ಲ.

ಮಾಜಿಸದಸ್ಯೆ

ಓಡಾಟವೂ ಅತ್ತಿಗೆಯೇ ಮಾಡಲಿ. ಇಒ (ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿ) ಮುಖ, ಎಂಜಿನಿಯರ್ ಮುಖ ನೋಡದೆ ಪುಸ್ತಕ ಹಿಡಿದುಕೊಂಡು ಏನು ಮಾಡುತ್ತಾರೆ? ಮೊದಲ ನಾಲ್ಕು ಸಲ ಇಬ್ಬರೂ ಹೋಗಲಿ. ಮಾತು ಅತ್ತಿಗೆ ಆಡಲಿ.

@ಹೊಳೆಸಾಲು ಒಂದು ಸುಲಭದ ಕೆಲಸದಿಂದ ಶುರು ಮಾಡಿ. ಮುಂದಿನ ಸಭೆಗೆ ಮೊದಲು ಕಳೆದ ಮೂರು ತಿಂಗಳ ಪಾವತಿ ಪಟ್ಟಿ ಪ್ರಿಂಟ್ ತೆಗೆಸಿಕೊಂಡು ಅತ್ತಿಗೆ ಮನೆಯಲ್ಲಿ ಓದಲಿ. ಸಂಘದ ಲೆಕ್ಕ ಬರೆಯುವವರಿಗೆ ಅದೇನು ಕಷ್ಟ ಅಲ್ಲ. ತಿಳಿಯದ ಕಡೆ ಪೆನ್ಸಿಲ್ ಗುರುತು ಹಾಕಲಿ, ಪಿಡಿಒ ಹತ್ತಿರ ಅವರೇ ಕೇಳಲಿ.

ನಿವೃತ್ತ ಕಾರ್ಯದರ್ಶಿ

ಮೂರು ತಿಂಗಳು ಸಾಲದು. ಏಪ್ರಿಲ್‌ನಿಂದ ತೆಗೆಸಿ. ಕ್ರಿಯಾ ಯೋಜನೆ ಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ಯಾವ ಕೆಲಸ ಪಟ್ಟಿಯಲ್ಲಿ ಇಲ್ಲದೆ ಬಿಲ್ ಆಗಿದೆ ಅಂತ ಗೊತ್ತಾಗುವುದು. ಬಿಲ್ ಜೊತೆ ಅಳತೆ ಪುಸ್ತಕದ (ಎಷ್ಟು ಕೆಲಸ ಆಗಿದೆ ಅಂತ ಅಳೆದು ಬರೆಯುವ ಪುಸ್ತಕ) ಪ್ರತಿಯನ್ನೂ ಕೇಳಲು ಹೇಳಿ, ಅದನ್ನು ಕೊಡಲು ಮಾತ್ರ ಸ್ವಲ್ಪ ಸತಾಯಿಸುತ್ತಾರೆ.

ಹೊಳೆಸಾಲು

ಅಳತೆ ಪುಸ್ತಕ ಇರುವುದು ಯಾರ ಹತ್ತಿರ ಸರ್, ಪಿಡಿಒನಾ ಎಂಜಿನಿಯರಾ?

ನಿವೃತ್ತ ಕಾರ್ಯದರ್ಶಿ

ಬರೆಯುವುದು ಎಂಜಿನಿಯರ್. ಬಿಲ್ ಪಾಸಾಗುವಾಗ ಪಂಚಾಯಿತಿಗೆ ಬಂದೇ ಬರುತ್ತದೆ. ಪಿಡಿಒನನ್ನೇ ಕೇಳಲಿ, ಬಾಯಲ್ಲಿ ಬೇಡ, ಬರೆದು ಕೊಟ್ಟು ಕೇಳಲಿ.